ಮುತ್ಯಾನ ಕೇಪಿನ ಬಂದೂಕು ಕೈಗಿ ಬಂದದ, ಎಲ್ಲಿಂದ ಶುರು ಮಾಡ್ಲಿ?

ತೊಗರಿಹೊಲ_ಚಿಂಚೋಳಿ
ಎಲ್ಲಾರಿಗೂ ಶರಣ್ರಿ. ನಮ್ಮ ಮುತ್ಯಾನ ಕಾಲದ ಒಂದು ಬಂದೂಕು ಅದ, ಬಾಯಿಂದ ಮದ್ದು ತುಂಬಿ ಗಜದಿಂದ (ಉದ್ದನ ಸಲಾಕಿ) ಜಡದು ಕೇಪ್ (ಬಡದ್ರ ಕಿಡಿ ಹಾರೋ ಸಣ್ಣ ಟೊಪ್ಪಿಗಿ) ಹಚ್ಚಿ ಹೊಡಿಯೋದು. ಬೆಳೆ ರಕ್ಷಣಾ ಲೈಸೆನ್ಸ್ ಮೊದಲ ಮುತ್ಯಾನ ಹೆಸರಿಗಿತ್ತು, ಆಮ್ಯಾಲ ಅಪ್ಪಾರದು, ಈಗ ಡಿಸಿ ಆಫೀಸಿಗಿ ತಿರುಗಿ ತಿರುಗಿ ನನ್ನ ಹೆಸರಿಗಿ ಆಗ್ಯಾದ. ಎಲೆಕ್ಷನ್ ಟೈಮಿಗಿ ಸ್ಟೇಷನ್‌ನಾಗ ಜಮಾ ಮಾಡಿದ್ದು ವಾಪಸ್ ತಂದೀನಿ, ನಳಿ ತುಂಬ ಕೆಂಪಗ ಜಂಗ್ ಹತ್ಯಾದ, ಕಟಗಿ ಒಣಗಿ ಬೆಳ್ಳಗಾಗ್ಯಾದ. ಅಪ್ಪಾರಿಗಿ ಈಗ ಕೈ ನಡುಗ್ತಾವ, ಏನ್ ಕೇಳಿದ್ರೂ "ಮುಷ್ಟಿ ಅಳತಿ ಹಾಕ್ತಿದ್ವಿ" ಅಂತಾರ, ಯಾರ ಮುಷ್ಟಿ ಅಂತ ಕೇಳಿದ್ರ ನಗ್ತಾರ. ನಾ ಕಾಲೇಜಿನಾಗ ಎನ್‌ಸಿಸಿದಾಗ .22 ಹೊಡದೀನಿ, ಇದಕ್ಕ ಮಾತ್ರ ಕೈ ಹಚ್ಚಿಲ್ಲ. ಈ ಮದ್ದಿನ ರೈಫಲ್ ತೊಳಿಯೋದು ಹೆಂಗ, ತುಂಬೋದು ಹೆಂಗ, ಗೊತ್ತಿದ್ದವರು ಜರಾ ಹೇಳ್ರಿ.

ರಿಟೈರ್ಡ್_ಹವಾಲ್ದಾರ
ತಮ್ಮಾ, ತೊಳಿಯೋದು ತುಂಬೋದು ಆಮ್ಯಾಲ. ಒಳಗ ಬಾರು, ಅಂದ್ರ ತುಂಬಿದ ಮದ್ದು ಗುಂಡು, ಅದ ಏನ್ ಇಲ್ಲ ಅಂತ ನೋಡೀ ಏನು? ಹಳೀ ಮನಿ ಅಟ್ಟದ ಮ್ಯಾಗಿಂದ ಇಳಿಸಿದ ಬಂದೂಕು ಅಂದ್ರ ತುಂಬಿದ್ದೇ ಅಂತ ತಿಳ್ಕೋಬೇಕು. ಕೇಪ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಬಾಯಿ ಮಂದಿ ಇಲ್ಲದ ಕಡಿ ತಿರುಗಿಸಿ, ತಲಿ ಬಾಯಿ ಮ್ಯಾಲ ತರದಂಗ ಗಜ ಪೂರಾ ಒಳಗ ಬಿಡು. ನಳಿ ಬಾಯಿ ಅಂಚಿಗಿ ಗಜದ ಮ್ಯಾಲ ಪೆನ್ಸಿಲ್ ಗೀರು ಹಾಕು. ಹೊರಗ ತೆಗದು ನಳಿ ಮ್ಯಾಗ ಹಿಡಿ, ಗಜದ ತುದಿ ಕೇಪ್ ಕೂಡೋ ನಿಪ್ಪಲ್ ತನಕ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಒಳಗ ಏನೋ ಅದ.

ಸಗರನಾಡ_ಸಿದ್ದು
ಹವಾಲ್ದಾರ್ ಕಾಕಾ ಖರೆ ಹೇಳ್ಯಾರ. ಮೊದಲ ಇದು ಮಾಡು, ಆಮ್ಯಾಲ ಬಾಕಿ ಮಾತು.

ಬೆಂಗಳೂರು_ಬಾಬು
ಇದು ರೈಫಲ್ ಅಲ್ಲ ಅನ್ಸುತ್ತೆ ಗುರು. ನಳಿಗೆ ಒಳಗೆ ಸುರುಳಿ ಗೀರು ಇದ್ರೆ ಮಾತ್ರ ರೈಫಲ್. ಬೆಳೆ ಕಾಯೋಕೆ ಕೊಡೋ ನಾಡಬಂದೂಕು ಹೆಚ್ಚಾಗಿ ಒಳಗೆ ನುಣುಪು. ಟಾರ್ಚ್ ಹಾಕಿ ನೋಡು.

ರಿಟೈರ್ಡ್_ಹವಾಲ್ದಾರ
ಬಾಬು ಸಾಹೇಬ್ರ, ತುಂಬಿದ ಬಂದೂಕಿನ ಬಾಯಾಗ ಟಾರ್ಚ್ ಹಾಕಿ ಇಣುಕು ಅಂತ ಹೇಳ್ತೀರಲ್ಲ, ಶಾಣ್ಯಾ ಇದ್ದೀರಿ.

ಬೆಂಗಳೂರು_ಬಾಬು
ಖಾಲಿ ಇದೆ ಅಂತ ಗೊತ್ತಾದ್ಮೇಲೆ ಅಂತ ಅರ್ಥ ಸ್ವಾಮಿ.

ತೊಗರಿಹೊಲ_ಚಿಂಚೋಳಿ
ಗಜ ಹಾಕಿ ನೋಡ್ದೆ. ನಿಪ್ಪಲ್ ಮುಟ್ಟಾಕ ಇನ್ನ ನಾಲ್ಕು ಬೆರಳು ಬಾಕಿ ಇದ್ದಂಗೇ ನಿಂತದ. ಕೇಪ್ ಇಲ್ಲ. ಅಪ್ಪಾರಿಗಿ ಕೇಳ್ದೆ, "ಇರಬಹುದು, ಹಂದಿ ಬರ್ತಾವಂತ ತುಂಬಿಟ್ಟಿದ್ದೆ" ಅಂದ್ರು. ಅಂದ್ರ ಸ್ಟೇಷನ್‌ನಾಗೂ ತುಂಬಿದ್ದೇ ಇಟ್ಟಿದ್ವಿ ಏನ್ರಿ?? ನನಗ ಬೆವರು ಬಂತು.

ಅಫಜಲಪುರ_ಅಕ್ಕ
ಯಪ್ಪಾ! ಮಕ್ಕಳು ಇರೋ ಮನಿ ಏನು ನಿಮ್ದು? ಮೊದಲ ಕೀಲಿ ಹಾಕಿ ಇಡ್ರಿ.

ಸೇಡಂ_ಟು_ಪೆನ್ಸಿಲ್ವೇನಿಯಾ
ನಾ ಸೇಡಂದವ, ಈಗ ಪೆನ್ಸಿಲ್ವೇನಿಯಾದಾಗ ಇದ್ದೀನಿ, ಇಲ್ಲಿ ಒಂದು ಕ್ಲಬ್‌ನಾಗ ಇಂಥವನ್ನೇ ಹೊಡಿತೀನಿ. ತಮ್ಮಾ ಗಾಬರಿ ಆಗಬ್ಯಾಡ, ಆದ್ರ ಮೂರು ಕೆಲಸ ಬಿಲ್ಕುಲ್ ಮಾಡಬ್ಯಾಡ. ಕೇಪ್ ಹಚ್ಚಿ ಹೊಡದು ಖಾಲಿ ಮಾಡ್ತೀನಿ ಅನ್ನಬ್ಯಾಡ, ಆ ನಳಿ ಹೆಂಗದ ಯಾರಿಗಿ ಗೊತ್ತು. ಡ್ರಿಲ್ ಹಾಕಬ್ಯಾಡ. ಹಿಂದಿನ ಬುಡ ಕಾಸಿ ಬಿಚ್ಚಾಕ ಹೋಗಬ್ಯಾಡ. ಕರಿಮದ್ದು ಹಳೀದಾದ್ರೂ ಸಾಯಂಗಿಲ್ಲ, ಒಣಗಿದ್ರ ಎಷ್ಟೋ ವರ್ಷ ಆದಮ್ಯಾಲೂ ಹತ್ತಿಕೊಳ್ತದ. ಲೈಸೆನ್ಸ್ ಇರೋ ಬಂದೂಕು ರಿಪೇರಿಯವರ ಹತ್ರ ಒಯ್ಯಿ, ತುಂಬ್ಯಾದ ಅಂತ ಒಳಗ ಕಾಲಿಡೋ ಮೊದಲ ಹೇಳು. ಅವರು ಮದ್ದು ತೋಯಿಸಿ, ಗಜದ ತುದಿಗಿ ಸ್ಕ್ರೂ ಹಾಕಿ ಬಾರು ಎಳದು ತೆಗಿತಾರ.

ಸಗರನಾಡ_ಸಿದ್ದು
ನಾಲ್ಕು ಬೆರಳು ಪೂರಾ ಬಾರೇ ಇರಬೇಕಂತಿಲ್ಲ ಅಣ್ಣಾ, ಕೆಲವಕ್ಕ ಬುಡದ ಡಾಟೇ ಒಂದು ಇಂಚ್ ಇರ್ತದ. ಹುಳದ ಗೂಡೂ ಇರಬಹುದು.

ಸೇಡಂ_ಟು_ಪೆನ್ಸಿಲ್ವೇನಿಯಾ
ಇರಬಹುದು ಸಿದ್ದು. ಆದ್ರ ಅವರಪ್ಪಾರೇ ತುಂಬಿಟ್ಟಿದ್ದೆ ಅಂದಮ್ಯಾಲ ಹುಳದ ಮ್ಯಾಲ ಯಾಕ ಹಾಕ್ತಿ?

ವಕೀಲ್ಸಾಬ್_ಯಾದಗಿರಿ
ಕಾನೂನು ಮಾತು ಒಂದೆರಡು. ಬಾಯಿಂದ ತುಂಬೋದು, ಹಳೇದು, ಅದಕ್ಕೆ ಲೈಸೆನ್ಸ್ ಬೇಡ ಅಂತ ಹಳ್ಳಿ ಕಡೆ ಒಂದು ತಪ್ಪು ತಿಳುವಳಿಕೆ ಇದೆ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಇದೂ ಬಂದೂಕೇ. 13ನೇ ಕಲಮಿನಲ್ಲಿ ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ತುಂಬೋ ಬಂದೂಕಿನ ಮಾತು ಹೆಸರಿಟ್ಟೇ ಬಂದಿದೆ. ಲೈಸೆನ್ಸ್ ಇದ್ದವರು ತೀರಿಕೊಂಡ್ರೆ ವಾರಸುದಾರರು ಮನೇಲಿಟ್ಟುಕೊಂಡು ಕೂಡೋ ಹಾಗಿಲ್ಲ, ಸ್ಟೇಷನ್‌ನಲ್ಲೋ ಡೀಲರ್ ಹತ್ರನೋ ಜಮಾ ಮಾಡಿ ಅರ್ಜಿ ಹಾಕಬೇಕು. 2019ರ ತಿದ್ದುಪಡಿ ಆದಮೇಲೆ ಅವಧಿ ಮೂರರಿಂದ ಐದು ವರ್ಷ ಆಗಿದೆ. ನಿಮ್ಮ ಪುಸ್ತಕದಲ್ಲಿ ಉದ್ದೇಶ ಏನು, ಯಾವ ಹದ್ದಿನೊಳಗೆ, ಮದ್ದು ಎಷ್ಟು ಇಟ್ಕೋಬಹುದು ಅಂತ ಬರೆದಿರುತ್ತೆ, ಓದಿ. ಬೆಳೆ ರಕ್ಷಣೆ ಅಂತ ಇದ್ರೆ ದೋಸ್ತರ ಜೊತೆ ಗುಡ್ಡಕ್ಕೆ ಹೋಗಿ ನಿಶಾನಿ ಹೊಡೆಯೋಕೆ ಬರಲ್ಲ.

ಇನ್ನೊಂದು, ಲೈಸೆನ್ಸ್ ಸಿಕ್ತು ಅಂದ್ರೆ ಪ್ರಾಣಿ ಹೊಡೆಯೋ ಹಕ್ಕು ಸಿಕ್ತು ಅಂತಲ್ಲ. ಅದು 1972ರ ವನ್ಯಜೀವಿ ಕಾಯ್ದೆ, ಬೇರೆ ಇಲಾಖೆ, ಬೇರೆ ಕೇಸು. ಚಿಗರಿ ಒಂದನೇ ಶೆಡ್ಯೂಲ್‌ನಲ್ಲಿದೆ. ಹಂದಿಗೂ ಅರಣ್ಯ ಇಲಾಖೆ ಅನುಮತಿ ಬೇಕು.

ಭಾಲ್ಕಿ_ಬಸ್ಯಾ
ಚಿಗರಿ ಹೊಡಿಬಾರ್ದು, ಹಂದಿ ಹೊಡಿಬಾರ್ದು, ಮತ್ತ ಬಂದೂಕು ಯಾಕ ಕೊಡ್ತಾರ್ರಿ ಸಾಹೇಬ್ರ, ಪೂಜಿ ಮಾಡ್ಲಾಕ? ನಮ್ಮ ಕಡಿ ಚಿಗರಿ ಹಿಂಡು ಬಂದು ಕಡ್ಲಿ ಮೇದು ಹೋಗ್ತಾವ, ನಾವು ಬದುವಿನ ಮ್ಯಾಲ ಡಬ್ಬಿ ಬಾರಿಸ್ಕೋತ ಕೂಡ್ತೀವಿ.

ವಕೀಲ್ಸಾಬ್_ಯಾದಗಿರಿ
ಬಸಣ್ಣ, ಸಿಟ್ಟು ನ್ಯಾಯವಾದದ್ದೇ. ಆದ್ರೆ ನಾನು ಕಾಯ್ದೆ ಬರೆದವನಲ್ಲ.

ತೊಗರಿಹೊಲ_ಚಿಂಚೋಳಿ
ಹೊಡಿಯೋ ವಿಚಾರ ಇಲ್ರಿ, ಸದ್ದು ಮಾಡಿದ್ರ ಸಾಕು. ರಿಪೇರಿಯವರ ಹತ್ರ ಒಯ್ಯಾಕ ಕಾಗದ ಪತ್ರ ತಯಾರು ಮಾಡ್ಕೊಂಡೀನಿ. ಅಲ್ಲಿ ತನ ಸೇಡಂ ಅಣ್ಣಾರು ನಿಮ್ಮ ಕಡಿ ಹೆಂಗ ಮಾಡ್ತೀರಿ ಅಂತ ಹೇಳ್ರಿ, ಕಲಿತೀನಿ.

ಸೇಡಂ_ಟು_ಪೆನ್ಸಿಲ್ವೇನಿಯಾ
ಹೇಳ್ತೀನಿ, ಆದ್ರ ಇದು ನನ್ನ ಬಂದೂಕಿನ ಲೆಕ್ಕ, ನಿಂದಕ್ಕ ಹಚ್ಚಬ್ಯಾಡ. ನಂದು .50 (ನಳಿ ಅರ್ಧ ಇಂಚ್ ಅಗಲ) ಕೇಪಿನ ರೈಫಲ್, ಈಗಿನ ಕಾಲದಾಗ ಮಾಡಿದ್ದು, ಪ್ರೂಫ್ ಆಗಿದ್ದು, ಅಂದ್ರ ನಳಿ ಒತ್ತಡ ತಡೀತದ ಅಂತ ಪರೀಕ್ಷಾ ಆಗಿದ್ದು. ಒಳಗಿನ ಗೀರು 66 ಇಂಚಿಗಿ ಒಂದು ಸುತ್ತು, ಅಂದ್ರ ಭಾಳ ನಿಧಾನ, ದುಂಡು ಗುಂಡಿಗಿ ಅದೇ ಛಲೋ. ಗುಂಡು .490, ನಳಿಗಿಂತ ಜರಾ ಸಣ್ಣದು, ನಡುವಿನ ಸಂದಿ ತುಂಬ್ಲಾಕ ಎಣ್ಣಿ ಹಚ್ಚಿದ ಅರಿಬಿ ಪ್ಯಾಚ್. ಗೀರು ಹಿಡಿಯೋದು ಆ ಅರಿಬಿನೇ, ಗುಂಡಲ್ಲ. ಅರಿಬಿ ನೂರಕ್ಕ ನೂರು ಹತ್ತಿನೇ ಇರಬೇಕು, ಪಾಲಿಯೆಸ್ಟರ್ ಕೂಡಿದ್ದು ಹಾಕಿದ್ರ ಕರಗಿ ನಳಿಗಿ ಮೆತ್ತಿಕೊಳ್ತದ.

ಮದ್ದು ಕರಿಮದ್ದೇ. ಈಗಿನ ತೋಟಾದಾಗ ಇರೋ ಹೊಗಿ ಇಲ್ಲದ ಮದ್ದು ಒಂದು ಚಿಟಿಕಿ ಸೈತ ಹಾಕಬಾರ್ದು, ನಳಿ ಸೀಳ್ತದ, ಕೈ ಹೋಗ್ತದ, ಕಣ್ಣು ಹೋಗ್ತದ. ಕರಿಮದ್ದಿನಾಗೂ ಕಾಳಿನ ಸೈಜ್ ಅದ, ಇಲ್ಲಿ ಡಬ್ಬಿ ಮ್ಯಾಲ ಎಫ್ ಅಕ್ಷರ ಇರ್ತಾವ, ಎಫ್ ಹೆಚ್ಚಾದಂಗ ಕಾಳು ಸಣ್ಣ. ನಾ ಎರಡು ಎಫ್‌ದ್ದು 70 ಗ್ರೇನ್ ಹಾಕ್ತೀನಿ, ಅಂದ್ರ ನಾಕೂವರಿ ಗ್ರಾಂ ಅಂದಾಜು. ಮುಷ್ಟಿ ಅಳತಿ ಅಲ್ಲ ಮತ್ತ! ಡಬ್ಬಿಯಿಂದ ಸೀದಾ ನಳಿಯಾಗ ಸುರೀಬಾರ್ದು. ಹಿಂದಿನ ಹೊಡತದ ಕಿಡಿ ಒಳಗ ಉಳದಿದ್ರ ಕೈಯಾಗಿನ ಡಬ್ಬಿನೇ ಸಿಡೀತದ. ಸಣ್ಣ ಅಳತಿ ಕೊಳವಿಗಿ ಹಾಕಿ, ಡಬ್ಬಿ ಮುಚ್ಚಿ ದೂರ ಇಟ್ಟು, ಆಮ್ಯಾಲ ಕೊಳವಿಯಿಂದ ನಳಿಗಿ.

ಗುಂಡು ಮದ್ದಿನ ಮ್ಯಾಲ ಒತ್ತಿ ಕೂಡಬೇಕು, ನಡುವ ಗಾಳಿ ಸಂದಿ ಉಳೀಬಾರ್ದು, ಅರ್ಧಕ್ಕ ಸಿಕ್ಕಿಬಿದ್ದ ಗುಂಡಿನಿಂದ ನಳಿ ಉಬ್ಬಿದ್ದು, ಒಡದದ್ದು ಅದಾವ. ಅದಕ್ಕೇ ಗಜದ ಮ್ಯಾಲ ತುಂಬಿದ ಗುರುತು ಒಂದು, ಖಾಲಿ ಗುರುತು ಒಂದು. ಕೇಪ್ ಮಾತ್ರ ಎಲ್ಲಕ್ಕಿಂತ ಕಡೀಕ, ಹೊಡಿಯೋ ಜಾಗಾದಾಗ ನಿಂತಮ್ಯಾಲ. ದಿನದ ಮೊದಲ ಬಾರು ತುಂಬೋ ಮುಂಚೆ ಖಾಲಿ ನಳಿಗಿ ಒಂದೆರಡು ಕೇಪ್ ಹೊಡಿಬೇಕು, ಬಾಯಿ ನೆಲದ ಹುಲ್ಲಿನ ಹತ್ರ ಹಿಡದ್ರ ಹುಲ್ಲು ಅಳ್ಳಾಡ್ತದ. ಅಳ್ಳಾಡ್ತು ಅಂದ್ರ ದಾರಿ ಸಾಫ್, ಒಳಗ ಎಣ್ಣಿ ನಿಂತಿಲ್ಲ.

ಭಾಲ್ಕಿ_ಬಸ್ಯಾ
ಟುಸ್ ಅಂದು ಹಾರಲಿಲ್ಲ ಅಂದ್ರ?

ಸೇಡಂ_ಟು_ಪೆನ್ಸಿಲ್ವೇನಿಯಾ
ಬಾಯಿ ಅದೇ ಕಡಿ ಹಿಡದು ಒಂದು ನಿಮಿಷ ಸುಮ್ನ ನಿಲ್ಲು. ಒಮ್ಮೊಮ್ಮಿ ತಡಾ ಮಾಡಿ ಹಾರ್ತದ. ಆಮ್ಯಾಲ ಹೊಸ ಕೇಪ್. "ಯಾಕ ಹಾರಲಿಲ್ಲ" ಅಂತ ಬಾಯಿ ತಿರುಗಿಸಿ ನೋಡಿದವ ಆಮ್ಯಾಲ ಏನೂ ನೋಡಂಗಿಲ್ಲ.

ಬೆಂಗಳೂರು_ಬಾಬು
ಅಲ್ಲಿ ಕೇಪ್ ಬಂದೂಕು ಅಂಗಡೀಲಿ ಹೋಗಿ ತಗೊಂಡ್ ಬರಬಹುದಾ? ಕಾಂಪಿಟಿಷನ್ ಎಲ್ಲ ಇರುತ್ತಾ?

ಸೇಡಂ_ಟು_ಪೆನ್ಸಿಲ್ವೇನಿಯಾ
ಇಲ್ಲಿ ಫೆಡರಲ್ ಕಾನೂನಿನಾಗ ಇವನ್ನ ಹಳೀ ಮಾದರಿ ಅಂತ ಬ್ಯಾರೆ ಹಿಡಿತಾರ, ರಾಜ್ಯ ರಾಜ್ಯಕ್ಕ ನಿಯಮ ಬ್ಯಾರೆ. ನಮ್ಮ ರಾಜ್ಯದಾಗ ಚಕಮಕಿ ಕಲ್ಲಿನ ಬಂದೂಕಿಗೇ ಅಂತ ಜಿಂಕಿ ಬೇಟಿ ಸೀಸನ್ ಅದ, ಕ್ರಿಸ್‌ಮಸ್ ಮರುದಿನದಿಂದ ಶುರು, ಹಿಮದಾಗ ಹೊಗಿ ಎದ್ದಿರ್ತದ. ನಾ ಬೇಟಿಗಿ ಹೋಗಂಗಿಲ್ಲ, ಕಾಗದದ ನಿಶಾನಿ ಅಷ್ಟ. ಸ್ಪರ್ಧಾ ಅದಾವ, 1971ರಾಗ ಶುರುವಾದ ಅಂತಾರಾಷ್ಟ್ರೀಯ ಸಮಿತಿ ಎಂಎಲ್‌ಎಐಸಿ ಅಂತ, ಅವರ ನಿಯಮದಾಗ ಅರ್ಧ ತಾಸಿಗಿ 13 ಹೊಡತ, ಛಲೋ ಇದ್ದ 10 ಲೆಕ್ಕಕ್ಕ. ಉರಿಯೋ ಬತ್ತಿಲೆ ಮದ್ದಿಗಿ ಬೆಂಕಿ ಹಚ್ಚೋ ಹಳೀ ಬತ್ತಿ ಬಂದೂಕಿಗೂ ಒಂದು ವಿಭಾಗ ಅದ.

ಸಗರನಾಡ_ಸಿದ್ದು
ಬತ್ತಿ ಬಂದೂಕು ಅಂದ್ರ ನಮ್ಮ ಊರ ಕಡಿ ಬರ್ರಿ ಮತ್ತ! ವಾಗಣಗೇರಾ ನಮ್ಮ ಸುರಪುರದ ಮಗ್ಗಲಿಗೇ. ಔರಂಗಜೇಬ ಖುದ್ದು ತಾನೇ ಬಂದು ಮುತ್ತಿಗಿ ಹಾಕಿದ ಕಡೀ ಕೋಟಿ ಅದು, 1705ರಾಗ. ಅಲ್ಲಿನ ದೊರಿ ಪಿಡ್ಡನಾಯಕನ ಬೇಡರ ಬತ್ತಿ ಬಂದೂಕಿನ ಗುರಿ ಅಂದ್ರ ಹೆಸರುವಾಸಿ, ಮೊಗಲರು ಇವರಿಗಿ ಕಾಲಾ ಪ್ಯಾದಾ (ಕರಿ ಕಾಲಾಳು) ಅಂತಿದ್ರು. ಕೋಟಿ ಸಿಕ್ತು, ನಾಯಕ ಸಿಗಲಿಲ್ಲ. ಆಮ್ಯಾಲ ಕೊಬ್ಬು ಸವರಿದ ತೋಟಾ ಕಚ್ಚಂಗಿಲ್ಲ ಅಂತ ನಮ್ಮ ಸುರಪುರದ ದೊರಿ ವೆಂಕಟಪ್ಪ ನಾಯಕರು ಬ್ರಿಟಿಷರ ಮ್ಯಾಲ ಬಿದ್ರು.

ರಿಟೈರ್ಡ್_ಹವಾಲ್ದಾರ
ಸಿದ್ದು, ಎರಡು ಕಥಿ ಕಲಸಬ್ಯಾಡ. ತೋಟಾದ ಕೊಬ್ಬಿನ ಜಗಳ ಸಿಪಾಯಿಗಳದು, 1853ರ ಮಾದರಿ ಎನ್‌ಫೀಲ್ಡ್ ರೈಫಲ್‌ದು, ಅದೂ ಬಾಯಿಂದ ತುಂಬೋದೇ, ಕಾಗದದ ತೋಟಾ ಹಲ್ಲಿಲೆ ಹರದು ಮದ್ದು ಸುರೀತಿದ್ರು. ಸುರಪುರದ ಲಡಾಯಿ 1858ರ ಫೆಬ್ರುವರಿ, ಅದು ಸಂಸ್ಥಾನದ ರಾಜಕೀಯ. ಹತಾರ ಕಸಗೊಳ್ಳೋ ಕಾಯ್ದೆಗಿ ಎದುರು ನಿಂತವರು ಹಲಗಲಿ ಬೇಡರು, ಮುಧೋಳ ಕಡಿಯವರು, 1857ರ ನವೆಂಬರ್.

ಸಗರನಾಡ_ಸಿದ್ದು
ಸರಿ ಕಾಕಾ. ಆದ್ರ ಗುರಿ ನಮ್ದೇ ಛಲೋ ಇತ್ತು, ಅದು ಮಾತ್ರ ಬಿಟ್ಟುಕೊಡಂಗಿಲ್ಲ.

ಮಡಿಕೇರಿ_ಮಂಜು
ಗುರಿ ವಿಷ್ಯ ಬಂತು ಅಂತ ನಾನೂ ಬಂದೆ. ನಮ್ಮ ಕೊಡವರಲ್ಲಿ ಕೈಲ್‌ಪೊಳ್ದ್ (ಆಯುಧ ಪೂಜೆಯ ಹಬ್ಬ) ದಿನ ತೋಕ್‌ಗೆ, ಅಂದ್ರೆ ಕೋವಿಗೆ, ಹೂ ಇಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. 1861ರಿಂದ ನಮಗೆ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಮತ್ತೆ 2029ರ ತನಕ ಮುಂದುವರಿಸಿದ್ರು. ಪೂಜೆ ಆದಮೇಲೆ ಗಂಧ ಕುಂಕುಮ ಒದ್ದೆ ಬಟ್ಟೆಯಲ್ಲಿ ಒರೆಸಿ ಎಣ್ಣೆ ಹಚ್ಚದೆ ಇಟ್ರೆ ಮುಂದಿನ ವರ್ಷ ಅದೇ ಮೂರು ಬೆರಳಿನ ಆಕಾರದಲ್ಲಿ ತುಕ್ಕು.

ಅಫಜಲಪುರ_ಅಕ್ಕ
ಖಂಡೇ ಪೂಜಿಗಿ ನಮ್ಮಲ್ಲೂ ಹಂಗೇ. ನಮ್ಮ ಮಾವನೋರ ತಲವಾರಿನ ಮ್ಯಾಲ ಅರಿಶಿಣ ಹಚ್ಚಿದಲ್ಲೆಲ್ಲಾ ಕಲಿ ಬಿದ್ದಾವ.

ಭಾಲ್ಕಿ_ಬಸ್ಯಾ
ಜಂಗ್ ಅಂದ್ರ ಸೀಮಿ ಎಣ್ಣಿ ಇಲ್ಲಂದ್ರ ಡೀಸೆಲ್ ಹಾಕಿ ತಿಕ್ಕು, ಆತು. ಬಂದೂಕಿಗಿ ನೀರು ಹಾಕ್ತಾರೇನು ಯಾರರ.

ಸೇಡಂ_ಟು_ಪೆನ್ಸಿಲ್ವೇನಿಯಾ
ಬಸಣ್ಣಾ, ನೀರೇ ಹಾಕಬೇಕು. ಕರಿಮದ್ದು ಸುಟ್ಟ ಮ್ಯಾಲ ತೂಕದ ಅರ್ಧಕ್ಕಿಂತ ಹೆಚ್ಚು ಘನರೂಪದಾಗೇ ಉಳೀತದ, ಪೊಟ್ಯಾಶಿಯಂ ಲವಣಗಳು, ಗಂಧಕದ ಹೊಲಸು. ಕೊಳತ ತತ್ತಿ ವಾಸನಿ ಬರ್ತದಲ್ಲ ಅದೇ. ಈ ಲವಣ ಗಾಳಿಯಾಗಿನ ತೇವ ಎಳಕೊಂಡು ಕಬ್ಬಿಣ ತಿನ್ನಾಕ ಶುರು ಮಾಡ್ತದ. ಡೀಸೆಲ್‌ನಾಗ ಲವಣ ಕರಗಂಗಿಲ್ಲ, ನೀರಿನಾಗ ಕರಗ್ತದ. ಹೊಡದ ದಿನಾನೇ ತೊಳಿಬೇಕು, ನಾಳಿ ಅನ್ನಂಗಿಲ್ಲ. ನಿಪ್ಪಲ್ ಬಿಚ್ಚಿ, ನಳಿ ಬುಡ ಬಕೀಟಿನಾಗ ಇಟ್ಟು, ಗಜಕ್ಕ ಅರಿಬಿ ಸುತ್ತಿ ಮ್ಯಾಲ ಕೆಳಗ ಎಳದ್ರ ನೀರು ತಾನೇ ಪಂಪ್ ಆಗ್ತದ. ಮೊದಲನೇ ಬಕೀಟು ಮಸಿ, ಆಮ್ಯಾಲ ಬೂದಿ ಬಣ್ಣ, ನೀರು ತಿಳಿ ಆಗೋ ತನಕ. ಜರಾ ಸೋಪು ಸಾಕು.

ಮಡಿಕೇರಿ_ಮಂಜು
ಕುದಿಯೋ ನೀರು ಹಾಕಿ, ಬೇಗ ಒಣಗುತ್ತೆ.

ಸೇಡಂ_ಟು_ಪೆನ್ಸಿಲ್ವೇನಿಯಾ
ಇಲ್ಲೇ ನಂದೂ ಕ್ಲಬ್‌ನವರದೂ ದಿನಾ ಜಗಳ. ಕುದಿಯೋ ನೀರಿಗಿ ನಳಿ ಕಾದು, ಒರಸೋದ್ರಾಗ ಕಿತ್ತಳಿ ಬಣ್ಣದ ತೆಳು ಜಂಗ್ ಬಂದುಬಿಡ್ತದ. ನಾ ಉಗುರುಬೆಚ್ಚಗಿನ ನೀರಿನವ. ಕಲಬುರಗಿ ಬೋರ್ ನೀರಂತೂ ಸುಣ್ಣದ ಕಲ್ಲಿನ ನೀರು, ಭಾಳ ಗಡಸು, ಕಡೀ ಸಲ ಫಿಲ್ಟರ್ ನೀರು ಹಾಕು. ಒಣ ಅರಿಬಿ ಎಷ್ಟೋ ಸಲ ಎಳಿ, ಅರಿಬಿ ಒಣಗಿದ್ದೇ ಹೊರಗ ಬರಬೇಕು, ಆಮ್ಯಾಲ ಎಣ್ಣಿ. ಮರುದಿನ ಮತ್ತೊಮ್ಮೆ ಬಿಳಿ ಅರಿಬಿ ಎಳದು ನೋಡು, ಕೆಂಪು ಬಂದ್ರ ಮತ್ತ ತೊಳಿ.

ಮಡಿಕೇರಿ_ಮಂಜು
ನಮ್ಮಜ್ಜ ಕುದಿಯೋ ನೀರೇ ಹಾಕ್ತಿದ್ರು, ಕೋವಿ ಇವತ್ತೂ ಕನ್ನಡಿ ಥರ ಇದೆ. ನೀವು ಹೇಳೋದು ನೀವು ಹೇಳಿ.

ಅಫಜಲಪುರ_ಅಕ್ಕ
ಎಣ್ಣಿ ಯಾವುದು? ನಮ್ಮ ಮನ್ಯಾಗ ಗಾಣದ ಕುಸುಬಿ ಎಣ್ಣಿ ಅದ, ಅಗಸಿ ಎಣ್ಣಿ ಅದ.

ಸೇಡಂ_ಟು_ಪೆನ್ಸಿಲ್ವೇನಿಯಾ
ಅಕ್ಕಾರ ಭಾಳ ಛಲೋ ಕೇಳಿದ್ರಿ. ಅಗಸಿ ಎಣ್ಣಿ ಗಾಳಿಗಿ ಒಣಗಿ ವಾರ್ನಿಷ್ ಆಗ್ತದ, ಕುಸುಬಿನೂ ಸ್ವಲ್ಪ ಹಂಗೇ. ಕುದುರಿ, ಸ್ಪ್ರಿಂಗು ಇರೋ ಲಾಕಿಗಿ ಹಚ್ಚಿದ್ರ ಕೆಲವು ತಿಂಗಳಿಗಿ ಅಂಟಾಗಿ ಕುದುರಿ ಏಳಂಗಿಲ್ಲ. ಆದ್ರ ಒಣಗಿದ ಕಟಗಿಗಿ ಅಗಸಿ ಎಣ್ಣಿನೇ ಔಷಧ, ತೆಳ್ಳಗ ಹಚ್ಚಿ ಅಂಗೈಲೆ ತಿಕ್ಕಿ ಒಣಗಾಕ ಬಿಡಬೇಕು, ಮತ್ತ ಹಚ್ಚಬೇಕು. ಒಂದು ಎಚ್ಚರ, ಅಗಸಿ ಎಣ್ಣಿ ಅರಿಬಿ ಮುದ್ದಿ ಮಾಡಿ ಮೂಲಿಗಿ ಒಗದ್ರ ತಾನೇ ಕಾದು ಬೆಂಕಿ ಹತ್ತತದ, ಖರೇನೇ. ಬಿಡಿಸಿ ಹೊರಗ ಒಣಹಾಕ್ರಿ. ಲಾಕಿಗಿ ಹೊಲಿಗಿ ಮಷಿನ್ ಎಣ್ಣಿ ನಡೀತದ. ಪ್ಯಾಚಿಗಿ ಮಾತ್ರ ಜೇನುಮೇಣ, ಕುರಿ ಕೊಬ್ಬು ಕೂಡಿಸಿದ್ದು. ಮಷಿನ್ ಎಣ್ಣಿ ಮದ್ದಿನ ಮಸಿ ಕೂಡಿದ್ರ ಡಾಂಬರ್ ಆಗ್ತದ.

ಬೀದರ್_ಬಿದ್ರಿ_ಭಾಯಿ
ಮಸಿ ಮಾತು ಬಂತು, ನಮ್ಮ ಬಿದ್ರಿ ಕೆಲಸದಾಗ ಬೀದರ್ ಕೋಟೆ ಮಣ್ಣು, ನವಸಾಗರ ಕೂಡಿಸಿ ಕುದಿಸಿದ್ರ ಸತುವಿನ ಮಿಶ್ರಲೋಹ ಕರ್ರಗ ಆಗ್ತದ, ಒಳಗಿನ ಬೆಳ್ಳಿ ಹಂಗೇ ಹೊಳೀತದ. ಆ ಮಣ್ಣಿನಾಗ ಸೋರುಪ್ಪು ಅದ ಅಂತ ಹಿರಿಯರು ಅಂತಾರ. ಮದ್ದಿಗೂ ಸೋರುಪ್ಪೇ ಬೇಕಲ್ಲ, ಹಂಗಾರ ಕೋಟೆ ಮಣ್ಣಿಲೇ ಮದ್ದು

ನಿರ್ವಾಹಕರು
ಭಾಯಿ, ಅಲ್ಲಿಗೇ ನಿಲ್ಲಿಸ್ರಿ. ಮನೇಲಿ ಮದ್ದು ಮಾಡೋ ಮಾತು ಇಲ್ಲಿ ಬೇಡ, ಅದು ಅಪರಾಧ, ಕೈಕಾಲು ಹೋಗೋ ಕೆಲಸ. ಬಿದ್ರಿ ಬಗ್ಗೆ ಬೇರೆ ಎಳೆ ತೆಗೀರಿ, ಫೋಟೋ ಹಾಕ್ರಿ, ನಾವೇ ಮೊದಲು ಬರ್ತೀವಿ.

ಬೀದರ್_ಬಿದ್ರಿ_ಭಾಯಿ
ನಾ ಹೂಜಿ ಮಾಡವ ಸಾಹೇಬ್ರ, ಬಾಂಬ್ ಅಲ್ಲ. ಫೋಟೋ ಹಾಕ್ತೀನಿ.

ರಿಟೈರ್ಡ್_ಹವಾಲ್ದಾರ
ಸದ್ದಿಗಿ ಹೊಡಿತೀನಿ ಅಂದಿದ್ದಿ ತಮ್ಮಾ. ಗುಂಡು ಇಲ್ಲಂದ್ರೂ ಡಾಟಿನ ಅರಿಬಿ ಹತ್ತಿರದಾಗ ಗುಂಡಿನಂಗೇ ಬಡೀತದ, ಮ್ಯಾಲ ಉರಿಕೋತ ಹೋಗಿ ಬೀಳ್ತದ. ತೊಗರಿ ಒಣಗಿ ನಿಂತಾಗ, ಜ್ವಾಳದ ಕಣಿಕಿ ಬಣವಿ ಮಗ್ಗಲಿದ್ದಾಗ ಹೊಡದಿ ಅಂದ್ರ ಹಂದಿ ತಿನ್ನೋದಕ್ಕಿಂತ ಹೆಚ್ಚು ನೀನೇ ಸುಡ್ತಿ. ಗುಂಡು ತುಂಬಿ ಆಕಾಶಕ್ಕ ಹೊಡಿಯೋದಂತೂ ಹುಚ್ಚತನ, ಅದು ಎಲ್ಲೋ ಇಳಿಯೋದೇ.

ತೊಗರಿಹೊಲ_ಚಿಂಚೋಳಿ
ರಿಪೇರಿಯವರ ಹತ್ರ ಹೋಗಿ ಬಂದೆ. ತುಂಬ್ಯಾದ ಅಂದ ಕೂಡ್ಲೆ ಅವರು ಅಂಗಡಿ ಹುಡುಗುರನ್ನ ಹೊರಗ ಕಳಿಸಿದ್ರು. ನಿಪ್ಪಲ್ ಕಡಿಂದ, ಬಾಯಿ ಕಡಿಂದ ನೀರು ಬಿಟ್ಟು ರಾತ್ರಿ ಪೂರಾ ಇಟ್ಟು, ಮುಂಜಾನಿ ಸ್ಕ್ರೂ ಹಾಕಿ ಎಳದ್ರು. ಮೊದಲ ಒಂದು ಹಳೀ ಧೋತರದ ತುಂಡು ಬಂತು, ಹಸಿರು ಅಂಚು ಇನ್ನೂ ಕಾಣ್ತಿತ್ತು, ನಮ್ಮ ಮುತ್ಯಾ ಅಂಥದೇ ಉಡ್ತಿದ್ದ. ಆಮ್ಯಾಲ ಸೀಸದ ಛರ್ರಾ (ಸಣ್ಣ ಸಣ್ಣ ಗುಂಡು) ಬೆಳ್ಳಗ ಬೂಷ್ಟು ಹಿಡದಂಗ ಆದವು, ಮತ್ತೊಂದು ಅರಿಬಿ, ಕಡೀಕ ಕರಿ ಕೆಸರು. ಸೀಸ ಮುಟ್ಟಿದ ಕೈ ತೊಳ್ಕೊ ಅಂತ ಎರಡು ಸಲ ಹೇಳಿದ್ರು. ನಳಿ ಒಳಗ ನುಣುಪೇ ಅದ, ಬಾಬು ಸಾಹೇಬ್ರು ಗೆದ್ರಿ, ರೈಫಲ್ ಅಲ್ಲ. ಆದ್ರ ಬುಡದ ಹತ್ರ ಜಂಗ್ ತಿಂದು ಗುಂಡಿ ಬಿದ್ದಾವ, ನಿಪ್ಪಲ್ ತಿರುವಿ ಕೂಡಸೋ ಆಟಿ (ಸ್ಕ್ರೂ ಗೀರು) ಸವದದ. ಇದರಾಗ ಹೊಡಿಬ್ಯಾಡ್ರಿ ಅಂತ ಖಡಾಖಂಡಿ ಹೇಳಿ ಬಿಟ್ರು.

ಬೆಂಗಳೂರು_ಬಾಬು
ಹೊಸ ನಿಪ್ಪಲ್ ಹಾಕಿ ಕಡಿಮೆ ಮದ್ದು ಹಾಕಿ ಟ್ರೈ ಮಾಡಬಹುದಲ್ವಾ?

ರಿಟೈರ್ಡ್_ಹವಾಲ್ದಾರ
ನಿಮ್ಮ ಕೈಲೆ ಹಿಡದು ಟ್ರೈ ಮಾಡ್ರಿ, ನಾವು ದೂರ ನಿಂತು ನೋಡ್ತೀವಿ.

ಸೇಡಂ_ಟು_ಪೆನ್ಸಿಲ್ವೇನಿಯಾ
ಬುಡದಾಗೇ ಒತ್ತಡ ಹೆಚ್ಚು, ಮುಖಾನೂ ಅಲ್ಲೇ ಇರ್ತದ. ರಿಪೇರಿಯವರ ಮಾತು ಕೇಳು. ಮದ್ದಿನ ಹೊಲಸು ಒಳಗ ಉಳದದ, ಹೊಡಿಲಿಲ್ಲಂದ್ರೂ ನೀರಿಲೆ ಒಮ್ಮೆ ಛಲೋ ತೊಳದು ಎಣ್ಣಿ ಹಚ್ಚಿ ಇಡು, ಮಳಿಗಾಲಕ್ಕ ಮತ್ತೊಮ್ಮೆ. ಕಟಗಿಗಿ ಅಗಸಿ ಎಣ್ಣಿ. ಅರಿಬಿ ಚೀಲದಾಗ ಸುತ್ತಿಡಬ್ಯಾಡ, ತೇವ ಹಿಡಿತದ.

ವಕೀಲ್ಸಾಬ್_ಯಾದಗಿರಿ
ಹೊಡೆಯೋಕೆ ಬರಲ್ಲ ಅಂತ ಲೈಸೆನ್ಸ್ ರಿನ್ಯೂ ಬಿಡಬೇಡಿ. ರಿಪೇರಿ ಮಾಡಿದ್ರೂ ಹಾರದಷ್ಟು ಕೆಟ್ಟಿದ್ರೆ ಮಾತ್ರ 45ನೇ ಕಲಮಿನ ವಿನಾಯಿತಿ ಮಾತು, ಅದನ್ನ ನೀವೇ ತೀರ್ಮಾನ ಮಾಡೋ ಹಾಗಿಲ್ಲ. ನಳಿಗೆಗೆ ತೂತು ಹಾಕಿ ಶೋಕೇಸ್‌ನಲ್ಲಿಡೋದು ಕೂಡ ಹೇಳದೆ ಕೇಳದೆ ಮಾಡಬೇಡಿ. ಇಡೋದಿದ್ರೆ ಲೈಸೆನ್ಸ್ ಮೇಲೆ ಇಡಿ, ಬೇಡ ಅಂದ್ರೆ ರಸೀದಿ ತಗೊಂಡು ಒಪ್ಪಿಸಿ.

ತೊಗರಿಹೊಲ_ಚಿಂಚೋಳಿ
ಇಡ್ತೀನ್ರಿ, ಅಪ್ಪಾರು ಒಪ್ಪಿಸಾಕ ಬಿಡಂಗಿಲ್ಲ. ಈಗ ಹಂದಿಗಿ ಏನ್ ಮಾಡ್ಲಿ? ಮೊನ್ನಿ ಮತ್ತ ಎರಡು ಸಾಲು ತೊಗರಿ ಕೆಡವ್ಯಾವ.

ಭಾಲ್ಕಿ_ಬಸ್ಯಾ
ಸೋಲಾರ್ ಬೇಲಿ ಹಾಕ್ಸು ದೋಸ್ತ, ಝಟಕಾ ಮಷಿನ್ ಇರೋದು. ಲೈನಿನಿಂದ ಸೀದಾ ತಂತಿ ಎಳೀಬ್ಯಾಡ, ಮಂದಿ ಸಾಯ್ತಾರ. ಕೆಳಗಿನ ತಂತಿ ಮೊಳಕಾಲಿಗಿಂತ ಕೆಳಗ ಇರ್ಲಿ, ಹಂದಿ ಹಾರೋದಕ್ಕಿಂತ ಕೆಳಗ ತೂರೋದೇ ಹೆಚ್ಚು.

ಅಫಜಲಪುರ_ಅಕ್ಕ
ಹಾಳಾದ ಸಾಲಿನ ಫೋಟೋ ತೆಗದು ಅರಣ್ಯ ಇಲಾಖೆಗಿ ಪರಿಹಾರದ ಅರ್ಜಿ ಕೊಡ್ರಿ, ಪಹಣಿ ಹಚ್ಚಿ. ತಡಾ ಮಾಡಬ್ಯಾಡ್ರಿ, ರಾಶಿ ಆದಮ್ಯಾಲ ಹೋದ್ರ ಯಾರು ನಂಬ್ತಾರ.